ಹದಿನಾರು ಕಡಸುಗಳು ಕಲಿಸಿದ ಪಾಠ

ಬೆಳಗಿನ ಕಾಫಿಗೆ ಹಾಲು, ಊಟದ ಕೊನೆಗೆ ಮಜ್ಜಿಗೆ, ದೋಸೆಗೂ ದೇವರ ದೀಪಕ್ಕೂ ತುಪ್ಪ. ಇವಿಲ್ಲದೆ ನಮ್ಮವರ ಮನೆಗಳಲ್ಲಿ ದಿನ ಕಳೆಯುವುದಿಲ್ಲ. ಸಮುದ್ರ ದಾಟಿ ಬಂದ ಮೇಲೂ ಈ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಆದರೆ ಹಸು ಏನು ತಿಂದರೆ ಅದರ ಹಾಲೂ ಕರುವೂ ಚೆನ್ನಾಗಿರುತ್ತವೆ ಎಂಬ ಪ್ರಶ್ನೆಗೆ ವಿಜ್ಞಾನವು ಒಂದು ಮುಖ್ಯ ಉತ್ತರವನ್ನು ಕಂಡುಕೊಂಡದ್ದು ನಾವಿರುವ ಈ ಸೀಮೆಯಲ್ಲೇ, ಷಿಕಾಗೋದಿಂದ ಕಾರಿನಲ್ಲಿ ಎರಡೂವರೆ ಮೂರು ಗಂಟೆ ದೂರದ ಮ್ಯಾಡಿಸನ್ ನಗರದ ಒಂದು ಕೊಟ್ಟಿಗೆಯಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ರಸಾಯನಶಾಸ್ತ್ರವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡಿರುವ ನಮಗೆ ಈ ಇತಿಹಾಸ ವಿಶೇಷವಾಗಿ ಹತ್ತಿರವಾದದ್ದು. ಏಕೆಂದರೆ ಇದು ನಮ್ಮ ಶಾಸ್ತ್ರದ ಗರ್ವ ಇಳಿದ ಕಥೆ. ಇಳಿಸಿದವು ಹದಿನಾರು ಕಡಸುಗಳು. ಅವುಗಳ ಮುಂದೆ ಪ್ರಶ್ನೆಯನ್ನಿಟ್ಟವರು ಮಾತ್ರ ರಸಾಯನಶಾಸ್ತ್ರಜ್ಞರೇ.

ಗೋಧಿಯಿಂದ ಹಾಲಿಗೆ

ಇಂದು ವಿಸ್ಕಾನ್ಸಿನ್ ಎಂದರೆ ಹಾಲು, ಬೆಣ್ಣೆ, ಚೀಸ್. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅದು ಗೋಧಿಯ ನಾಡಾಗಿತ್ತು. ವರ್ಷವರ್ಷವೂ ಅದೇ ಹೊಲದಲ್ಲಿ ಅದೇ ಗೋಧಿ ಬಿತ್ತಿ ಮಣ್ಣಿನ ಸಾರ ಇಳಿಯಿತು, ಕೀಟಗಳ ಕಾಟ ಹೆಚ್ಚಿತು. ರೈತರು ನಿಧಾನವಾಗಿ ಹಸುಗಳ ಕಡೆಗೆ ತಿರುಗಿದರು. 1872ರಲ್ಲಿ ಅಲ್ಲಿನ ಹೈನುಗಾರರ ಸಂಘ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ವಿಲಿಯಂ ಡೆಂಪ್‌ಸ್ಟರ್ ಹೋರ್ಡ್ ಪತ್ರಿಕೆ ನಡೆಸಿ, ಊರೂರು ತಿರುಗಿ ಭಾಷಣ ಮಾಡಿ ಹಸು ಸಾಕುವಂತೆ ರೈತರ ಮನವೊಲಿಸಿದರು. ಮುಂದೆ ಆ ರಾಜ್ಯದ ಗವರ್ನರೂ ಆದರು.

ಆದರೆ ಇಲ್ಲಿಯ ಚಳಿಗಾಲ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಐದಾರು ತಿಂಗಳು ಹೊಲದಲ್ಲಿ ಹಸಿರಿಲ್ಲ. ಹಿಂದಿನ ಕಾಲದ ಹಸು ಚಳಿಗಾಲದಲ್ಲಿ ಒಣಹುಲ್ಲು ಮೆಲ್ಲುತ್ತಾ ಜೀವ ಹಿಡಿದುಕೊಂಡಿರುತ್ತಿತ್ತು, ಹಾಲು ಬತ್ತಿಹೋಗುತ್ತಿತ್ತು. ಇದಕ್ಕೆ ಮೊದಲ ಪರಿಹಾರ ಬಂದದ್ದು ಫ್ರಾನ್ಸಿನಿಂದ. ಓಗ್ಯುಸ್ತ್ ಗೋಫಾರ್ ಎಂಬ ಜಮೀನುದಾರರು ಹಸಿರಾಗಿರುವಾಗಲೇ ಮುಸುಕಿನ ಜೋಳದ ಗಿಡವನ್ನು ಕತ್ತರಿಸಿ, ಗುಂಡಿಯಲ್ಲಿ ಒತ್ತೊತ್ತಾಗಿ ತುಂಬಿ, ಗಾಳಿಯಾಡದಂತೆ ಮುಚ್ಚಿಡುವ ವಿಧಾನವನ್ನು ವರ್ಷಗಟ್ಟಲೆ ಪ್ರಯೋಗ ಮಾಡಿ, 1877ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ನಮ್ಮ ಕಡೆ ರಾಗಿಯನ್ನು ತುಂಬಿಡುತ್ತಿದ್ದ ಹಗೇವು ನೆನಪಿರುವವರಿಗೆ ಇದು ಮೇವಿನ ಹಗೇವು ಎಂದರೆ ಸಾಕು. ಒಂದೇ ವ್ಯತ್ಯಾಸ: ಹಗೇವಿನಲ್ಲಿ ಕಾಳು ಒಣಗಿರಬೇಕು, ಇಲ್ಲಿ ಮೇವು ಹಸಿಯಾಗಿಯೇ ಇರಬೇಕು. ಗಾಳಿಯಿಲ್ಲದ ಆ ಗುಂಡಿಯಲ್ಲಿ ಗಿಡದ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ಹುಳಿಯನ್ನಾಗಿ ಮಾಡುತ್ತವೆ. ಅದು ನಮ್ಮ ಮೊಸರಿನಲ್ಲಿರುವ ಅದೇ ಹುಳಿ, ಲ್ಯಾಕ್ಟಿಕ್ ಆಮ್ಲ. ಹುಳಿಯೇರಿದ ಮೇಲೆ ಕೊಳೆಯುವುದು ನಿಲ್ಲುತ್ತದೆ. ಇದನ್ನೇ ಇಂದು ಕನ್ನಡದಲ್ಲಿ ರಸಮೇವು ಎನ್ನುತ್ತಾರೆ. ಹೆದ್ದಾರಿಯ ಇಕ್ಕೆಲಗಳಲ್ಲಿ ನಾವು ಕಾಣುವ ಎತ್ತರದ ಗೋಪುರಗಳು ಈ ಗುಂಡಿಯೇ ನೆಲದ ಮೇಲೆ ಎದ್ದು ನಿಂತ ರೂಪ. ಮ್ಯಾಡಿಸನ್ನಿನ ಪ್ರಾಧ್ಯಾಪಕ ಎಫ್. ಎಚ್. ಕಿಂಗ್, ಚೌಕಾಕಾರದ ಗೋಪುರದ ಮೂಲೆಗಳಲ್ಲಿ ಗಾಳಿ ಉಳಿದು ಮೇವು ಕೆಡುವುದನ್ನು ಕಂಡು, ಅದನ್ನು ದುಂಡಗೆ ಕಟ್ಟುವುದನ್ನು ಪ್ರಚಾರ ಮಾಡಿದರು.

ಹೀಗೆ ಚಳಿಗಾಲಕ್ಕೂ ಮೇವು ಸಿಕ್ಕಿತು. ಮುಂದಿನ ಪ್ರಶ್ನೆ, ಅದರ ಜೊತೆಗೆ ಏನು, ಎಷ್ಟು ಕೊಡಬೇಕು ಎಂಬುದು.

ಕಾಗದದ ಮೇಲಿನ ಹಸು

ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿದೆ ಎಂದು ಆ ಕಾಲದ ವಿದ್ವಾಂಸರು ನಂಬಿದ್ದರು. ಜರ್ಮನಿಯ ಗಟ್ಟಿಂಗೆನ್ ಬಳಿಯ ವೇಂಡೆ ಎಂಬಲ್ಲಿ 1860ರ ದಶಕದಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ಎಂಬ ಇಬ್ಬರು ಮೇವನ್ನು ವಿಶ್ಲೇಷಿಸುವ ಕ್ರಮವೊಂದನ್ನು ರೂಪಿಸಿದರು. ಅದು ಬಹಳ ಸರಳ. ಮೇವನ್ನು ಒಣಗಿಸಿದರೆ ನೀರಿನ ಲೆಕ್ಕ. ಸುಟ್ಟರೆ ಉಳಿದದ್ದು ಬೂದಿ. ಈಥರಿನಲ್ಲಿ ಕರಗಿದ್ದು ಕೊಬ್ಬು. ಆಮ್ಲದಲ್ಲೂ ಕ್ಷಾರದಲ್ಲೂ ಕುದಿಸಿದ ಮೇಲೂ ಕರಗದೆ ಉಳಿದದ್ದು ನಾರು. ಸಾರಜನಕವನ್ನು ಅಳೆದು 6.25ರಿಂದ ಗುಣಿಸಿದರೆ ಸಸಾರಜನಕ, ಅಂದರೆ ಪ್ರೋಟೀನು. ಏಕೆಂದರೆ ಪ್ರೋಟೀನಿನಲ್ಲಿ ಸರಾಸರಿ ನೂರಕ್ಕೆ 16 ಭಾಗ ಸಾರಜನಕವಿರುತ್ತದೆ. ಇವೆಲ್ಲವನ್ನೂ ನೂರರಿಂದ ಕಳೆದರೆ ಮಿಕ್ಕದ್ದು ಪಿಷ್ಟ, ಸಕ್ಕರೆ ಇತ್ಯಾದಿ. ಈ ಅಂಕಿಗಳನ್ನು ಹಿಡಿದು ಇಷ್ಟು ತೂಕದ ಹಸುವಿಗೆ, ಇಷ್ಟು ಹಾಲಿಗೆ, ಇಷ್ಟು ಶಕ್ತಿ, ಇಷ್ಟು ಸಸಾರಜನಕ ಎಂದು ಕೋಷ್ಟಕಗಳು ತಯಾರಾದವು.

ಈ ಕೋಷ್ಟಕಗಳಿಂದ ಉಪಕಾರವಾಯಿತು ಎಂಬುದನ್ನು ಮರೆಯಬಾರದು. ಬರಿಯ ಒಣಹುಲ್ಲಿನಲ್ಲಿ ನೂರಕ್ಕೆ ಮೂರು ನಾಲ್ಕು ಭಾಗವಷ್ಟೇ ಸಸಾರಜನಕವಿರುತ್ತದೆ. ಹಾಲು ಕರೆಯುವ ಹಸುವಿಗೆ ಅದು ಏನೇನೂ ಸಾಲದು. ಧಾನ್ಯದ ಗಿಡದಿಂದ ಹೊಟ್ಟೆ ತುಂಬಿಸಿ, ಶಕ್ತಿಗೆ ಧಾನ್ಯದ ಹಿಟ್ಟನ್ನೂ ಸಸಾರಜನಕಕ್ಕೆ ಹಿಂಡಿಯನ್ನೋ ಗ್ಲುಟೆನ್ನನ್ನೋ ಜೊತೆಗೆ ಕೊಡಬೇಕೆಂಬುದು ಲೆಕ್ಕದಿಂದ ಸ್ಪಷ್ಟವಾಯಿತು. ಹಾಲು ಹೆಚ್ಚಿತು ಕೂಡ. ತೊಂದರೆ ಬಂದದ್ದು ಲೆಕ್ಕವೇ ಸರ್ವಸ್ವ ಎಂದು ತಿಳಿದಾಗ. ಸಸಾರಜನಕ ಸಮವಾಗಿ, ಶಕ್ತಿ ಸಮವಾಗಿ ಇದ್ದರೆ ಅದು ಗೋಧಿಯಿಂದ ಬಂದರೇನು, ಮುಸುಕಿನ ಜೋಳದಿಂದ ಬಂದರೇನು, ಹಸುವಿಗೆ ಎಲ್ಲವೂ ಒಂದೇ ಎಂದರು.

ಬ್ಯಾಬ್‌ಕಾಕರ ಸಂದೇಹ

ಹಾಗೆ ಒಪ್ಪದವರು ಸ್ಟೀಫನ್ ಮೋಲ್ಟನ್ ಬ್ಯಾಬ್‌ಕಾಕ್. 1843ರಲ್ಲಿ ನ್ಯೂಯಾರ್ಕ್ ರಾಜ್ಯದ ರೈತ ಕುಟುಂಬದಲ್ಲಿ ಹುಟ್ಟಿದ ಇವರು ಡಾಕ್ಟರೇಟ್ ಪಡೆದದ್ದು ಅದೇ ಗಟ್ಟಿಂಗೆನ್ನಿನಲ್ಲಿ. ಮರಳಿ ಬಂದು ಜಿನೀವ ಎಂಬ ಊರಿನ ಕೃಷಿ ಪ್ರಯೋಗ ಕೇಂದ್ರ ಸೇರಿದಾಗ, ಹಸು ತಿಂದ ಮೇವನ್ನೂ ಅದು ಹಾಕಿದ ಸಗಣಿಯನ್ನೂ ವಿಶ್ಲೇಷಿಸುವ ಕೆಲಸ ಅವರ ಪಾಲಿಗೆ ಬಂತು. ಬೂದಿಯೊಂದನ್ನು ಬಿಟ್ಟರೆ ಎರಡರ ಅಂಕಿಗಳೂ ಹೆಚ್ಚು ಕಡಿಮೆ ಒಂದೇ! ಅಂಕಿಯನ್ನೇ ನಂಬುವುದಾದರೆ ಸಗಣಿಯನ್ನೇ ಮತ್ತೆ ಗೋದಲಿಗೆ ಸುರಿಯಬಹುದು. ಕಲ್ಲಿದ್ದಲ ಪುಡಿಯ ವಿಶ್ಲೇಷಣೆಯನ್ನು ಮುಂದಿಟ್ಟು, ನಿಮ್ಮ ಕೋಷ್ಟಕದ ಪ್ರಕಾರ ಇದೂ ಒಳ್ಳೆಯ ಆಹಾರವೇ ಎಂದು ಅವರು ಸಹೋದ್ಯೋಗಿಗಳನ್ನು ಕೆಣಕುತ್ತಿದ್ದರಂತೆ.

1880ರ ದಶಕದ ಕೊನೆಗೆ ಬ್ಯಾಬ್‌ಕಾಕ್ ಮ್ಯಾಡಿಸನ್ನಿಗೆ ಬಂದರು. 1890ರಲ್ಲಿ ಅವರು ಹಾಲಿನ ಕೊಬ್ಬನ್ನು ಗಂಧಕಾಮ್ಲದ ಸಹಾಯದಿಂದ ಕೆಲವೇ ನಿಮಿಷಗಳಲ್ಲಿ ಅಳೆಯುವ ಪರೀಕ್ಷೆಯನ್ನು ಕಂಡುಹಿಡಿದರು. ಹಾಲಿಗೆ ನೀರು ಬೆರೆಸುವವನಿಗೂ ಗಟ್ಟಿ ಹಾಲು ತರುವವನಿಗೂ ಒಂದೇ ಬೆಲೆ ಸಿಗುತ್ತಿದ್ದ ಕಾಲ ಅದರಿಂದ ಮುಗಿಯಿತು. ಅದಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟರು. ಹೆಸರು ದೇಶದೇಶಕ್ಕೆ ಹರಡಿತು.

ಆದರೂ ಅವರ ಮನಸ್ಸಿನಲ್ಲಿದ್ದ ಪ್ರಯೋಗಕ್ಕೆ ಅನುಮತಿ ಸಿಗಲಿಲ್ಲ. ಒಂದೊಂದು ಹಸುವಿಗೆ ಒಂದೊಂದೇ ಧಾನ್ಯದ ಗಿಡವನ್ನು ತಿನ್ನಿಸಿ ನೋಡಬೇಕು ಎಂಬುದು ಅವರ ಹಟ. ಒಳ್ಳೆಯ ಹಸುಗಳನ್ನು ಹಾಳುಮಾಡಲು ಕೊಡುವುದಿಲ್ಲ ಎಂಬುದು ಕೊಟ್ಟಿಗೆಯ ಹೊಣೆ ಹೊತ್ತವರ ನಿಲುವು. ಅವರನ್ನು ನಾವು ದೂಷಿಸಲಾರೆವು. ಕೊನೆಗೆ 1901ರ ಸುಮಾರಿಗೆ ಎರಡು ಹಸುಗಳು ದೊರೆತವು. ಒಂದಕ್ಕೆ ಮುಸುಕಿನ ಜೋಳ, ಇನ್ನೊಂದಕ್ಕೆ ಓಟ್ಸ್. ಮೂರು ತಿಂಗಳಲ್ಲಿ ಓಟ್ಸ್ ತಿಂದ ಹಸು ಸತ್ತಿತು; ಪ್ರಯೋಗ ಅಲ್ಲಿಗೇ ನಿಂತಿತು.

ನಾಲ್ಕು ಗುಂಪು, ಒಂದೇ ಲೆಕ್ಕ

1906ರಲ್ಲಿ ಎಡ್ವಿನ್ ಹಾರ್ಟ್ ಎಂಬ ತರುಣ ರಸಾಯನಶಾಸ್ತ್ರಜ್ಞರು ವಿಭಾಗಕ್ಕೆ ಬಂದ ಮೇಲೆ ಕೆಲಸಕ್ಕೆ ಕ್ರಮ ಬಂತು. ಪಶುಪಾಲನೆಯ ಪ್ರಾಧ್ಯಾಪಕ ಜಾರ್ಜ್ ಹಂಫ್ರಿ ದನಗಳ ಯೋಗಕ್ಷೇಮವನ್ನು ವಹಿಸಿಕೊಂಡರು. ಕ್ಯಾನ್ಸಸ್ಸಿನ ರೈತರ ಮಗ ಎಲ್ಮರ್ ಮೆಕಾಲಂ ವಿಶ್ಲೇಷಣೆಗೆಂದು ನೇಮಕವಾದರು. ಹ್ಯಾರಿ ಸ್ಟೀನ್‌ಬಾಕ್ ಎಂಬ ವಿದ್ಯಾರ್ಥಿಯೂ ಸೇರಿಕೊಂಡರು. 1907ರ ಮೇ ತಿಂಗಳಲ್ಲಿ ಪ್ರಯೋಗ ಆರಂಭವಾಯಿತು. ಆಗ ಬ್ಯಾಬ್‌ಕಾಕರಿಗೆ 63 ವರ್ಷ.

ಹದಿನಾರು ಕಡಸುಗಳು, ನಾಲ್ಕು ನಾಲ್ಕರ ನಾಲ್ಕು ಗುಂಪುಗಳು. ಮೊದಲನೆಯ ಗುಂಪಿಗೆ ಮುಸುಕಿನ ಜೋಳದ ಹಿಟ್ಟು, ಅದರ ಗ್ಲುಟೆನ್, ಅದರ ಒಣದಂಟು ಮತ್ತು ಗರಿ. ಎರಡನೆಯದಕ್ಕೆ ಗೋಧಿ ಹಿಟ್ಟು, ಗೋಧಿಯ ಗ್ಲುಟೆನ್, ಗೋಧಿ ಹುಲ್ಲು. ಮೂರನೆಯದಕ್ಕೆ ಓಟ್ಸ್ ಕಾಳು ಮತ್ತು ಅದರ ಹುಲ್ಲು. ನಾಲ್ಕನೆಯದಕ್ಕೆ ಮೂರರ ಮಿಶ್ರಣ. ಉಪ್ಪು, ನೀರು ಎಲ್ಲರಿಗೂ ಸಮಾನ. ಮುಖ್ಯವಾದ ಮಾತೆಂದರೆ, ನಾಲ್ಕು ಗೋದಲಿಗಳಲ್ಲೂ ಸಸಾರಜನಕವೂ ಶಕ್ತಿಯೂ ವಿಶ್ಲೇಷಣೆಯ ಪ್ರಕಾರ ಸರಿಸಮನಾಗಿದ್ದವು. ಹಳೆಯ ಶಾಸ್ತ್ರ ನಿಜವಾಗಿದ್ದರೆ ಹದಿನಾರು ಕಡಸುಗಳೂ ಒಂದೇ ರೀತಿ ಬೆಳೆಯಬೇಕು.

ತಕ್ಕಡಿ ಬಹುಕಾಲ ಹಳೆಯ ಶಾಸ್ತ್ರವನ್ನೇ ಸಮರ್ಥಿಸಿತು. ತೂಕದಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ ಕೊಟ್ಟಿಗೆಗೆ ಹೋದ ಯಾರಿಗಾದರೂ ಅಂತರ ಕಣ್ಣಿಗೆ ಹೊಡೆಯುತ್ತಿತ್ತು. ಜೋಳ ತಿಂದವುಗಳ ಮೈ ಮಿರಮಿರ ಹೊಳೆಯುತ್ತಿತ್ತು. ಗೋಧಿ ತಿಂದವುಗಳ ಕೂದಲು ಒರಟಾಗಿ, ಹೊಟ್ಟೆ ಬತ್ತಿದಂತೆ ಇತ್ತು. ಕೆಲವಕ್ಕೆ ಕಣ್ಣೂ ಹೋಯಿತು. ಗಬ್ಬವಾಗಿ ಕರು ಹಾಕುವ ಕಾಲ ಬಂದಾಗ ಸಂದೇಹಕ್ಕೇ ಎಡೆಯಿಲ್ಲವಾಯಿತು. ಜೋಳದ ಗುಂಪಿನ ಕರುಗಳು ದಿನ ತುಂಬಿ ಹುಟ್ಟಿ, ತಾವಾಗಿಯೇ ಎದ್ದು ನಿಂತು ಮೊಲೆಗೆ ಬಾಯಿ ಹಾಕಿದವು. ಗೋಧಿಯ ಗುಂಪಿನವು ಮೂರು ನಾಲ್ಕು ವಾರ ಮುಂಚೆಯೇ ಹುಟ್ಟಿ, ಸತ್ತೇ ಬಂದವು ಅಥವಾ ಕೆಲವು ದಿನಗಳಲ್ಲಿ ಸತ್ತವು. ಆ ತಾಯಂದಿರ ಹಾಲೂ ಜೋಳದ ಹಸುಗಳ ಹಾಲಿನ ಮೂರನೆಯ ಒಂದು ಭಾಗದಷ್ಟೇ. ಓಟ್ಸಿನವು ನಡುವೆ ನಿಂತವು. ಎಲ್ಲ ಧಾನ್ಯವೂ ಸೇರಿದ್ದರಿಂದ ಮೇಲಾಗಿರಬೇಕಿದ್ದ ಮಿಶ್ರಣದ ಗುಂಪು ಸಹ ಜೋಳದ ಗುಂಪಿನ ಸಮಕ್ಕೆ ಬರಲಿಲ್ಲ.

1909ರಲ್ಲೂ ಹೀಗೆಯೇ ಆಯಿತು. 1910ರಲ್ಲಿ ಅವರು ಗೋದಲಿಗಳನ್ನು ಅದಲು ಬದಲು ಮಾಡಿದರು. ಜೋಳ ತಿನ್ನುತ್ತಿದ್ದವಕ್ಕೆ ಗೋಧಿ, ಉಳಿದವಕ್ಕೆ ಜೋಳ. ನಿನ್ನೆಯವರೆಗೆ ಗಟ್ಟಿ ಕರು ಹಾಕುತ್ತಿದ್ದ ಹಸುಗಳು ದುರ್ಬಲ ಕರು ಹಾಕಿದವು; ಸತ್ತ ಕರು ಹಾಕುತ್ತಿದ್ದವು ಗಟ್ಟಿ ಕರು ಕೊಟ್ಟವು.

ಗೋವನ್ನು ತಾಯಿಯೆಂದು ಬೆಳೆದ ನಮಗೆ ಇದನ್ನು ಓದುವಾಗ ಹೊಟ್ಟೆ ಕಿವಿಚುತ್ತದೆ. ಮೊದಲ ವರ್ಷವೇ ಗೊತ್ತಾಗಲಿಲ್ಲವೇ, ಮತ್ತೆ ಮತ್ತೆ ಏಕೆ ಎಂದು ಕೇಳಬೇಕೆನಿಸುತ್ತದೆ. ಆದರೆ ಆ ಅದಲು ಬದಲು ಮಾಡದಿದ್ದರೆ, ಗೋಧಿಯ ಗುಂಪಿನ ಹಸುಗಳೇ ಹುಟ್ಟಾ ದುರ್ಬಲ ಎಂದು ಯಾರಾದರೂ ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಮೊದಲ ವರ್ಷ ಸತ್ತ ಕರುಗಳು ಯಾರಿಗೂ ಏನನ್ನೂ ಕಲಿಸದೆ ಸತ್ತಂತಾಗುತ್ತಿತ್ತು. ತಪ್ಪು ಹಸುವಿನದಲ್ಲ, ಗೋದಲಿಯದು ಎಂಬುದು 1910ರಲ್ಲಿ ನಿಶ್ಚಯವಾಯಿತು. 1911ರಲ್ಲಿ ಫಲಿತಾಂಶ ಪ್ರಕಟವಾಯಿತು.

ಇಲಿ, ಬೆಣ್ಣೆ ಮತ್ತು ಹಳದಿ ಬಣ್ಣ

ಜೋಳದಲ್ಲಿದ್ದು ಗೋಧಿಯಲ್ಲಿಲ್ಲದ ವಸ್ತು ಯಾವುದು? ಹಸುವಿನಲ್ಲಿ ಉತ್ತರ ಹುಡುಕಲು ವರ್ಷಗಳೇ ಬೇಕು. ಬೇಗ ಬೆಳೆದು ಬೇಗ ಮರಿ ಹಾಕುವ ಸಣ್ಣ ಪ್ರಾಣಿ ಬೇಕೆಂದು ಮೆಕಾಲಂ ಇಲಿಗಳನ್ನು ಆರಿಸಿಕೊಂಡರು. ರೈತರ ಧಾನ್ಯ ತಿನ್ನುವ ಇಲಿಯನ್ನು ಕೃಷಿ ಕಾಲೇಜಿನಲ್ಲಿ ಸಾಕುವುದೇ ಎಂದು ಮೇಲಿನವರು ಒಪ್ಪಲಿಲ್ಲ. ಅವರು ಸ್ವಂತ ಹಣ ಕೊಟ್ಟು ಷಿಕಾಗೋದ ವ್ಯಾಪಾರಿಯೊಬ್ಬನಿಂದ 12 ಬಿಳಿ ಇಲಿಗಳನ್ನು ತರಿಸಿದರು. ಪ್ರೋತ್ಸಾಹ ಕೊಟ್ಟವರು ಮುದುಕ ಬ್ಯಾಬ್‌ಕಾಕ್.

ಮಾರ್ಗರೀಟ್ ಡೇವಿಸ್ ಎಂಬ ತರುಣಿ ಆ ಇಲಿಗಳ ಆರೈಕೆಯನ್ನು ಸಂಬಳವಿಲ್ಲದೆ ವಹಿಸಿಕೊಂಡರು. 1913ರಲ್ಲಿ ಇವರಿಬ್ಬರೂ ಬೆಣ್ಣೆಯ ಕೊಬ್ಬಿನಲ್ಲಿ ಮತ್ತು ಮೊಟ್ಟೆಯ ಹಳದಿಯಲ್ಲಿ ಬೆಳವಣಿಗೆಗೆ ಅತ್ಯವಶ್ಯವಾದ ಏನೋ ಒಂದಿದೆ, ಹಂದಿಯ ಕೊಬ್ಬಿನಲ್ಲಿ, ಆಲಿವ್ ಎಣ್ಣೆಯಲ್ಲಿ ಅದಿಲ್ಲ ಎಂದು ತೋರಿಸಿದರು. ಅದೇ ವರ್ಷ ಯೇಲ್‌ನಲ್ಲಿ ಆಸ್‌ಬರ್ನ್ ಮತ್ತು ಮೆಂಡೆಲ್ ಸಹ ಅದನ್ನೇ ಕಂಡರು. ಅದೇ ಇಂದಿನ ಎ ಅನ್ನಾಂಗ, ಅಂದರೆ ವಿಟಮಿನ್ ಎ.

1919ರಲ್ಲಿ ಸ್ಟೀನ್‌ಬಾಕ್ ಇನ್ನೊಂದು ಸೂಕ್ಷ್ಮವನ್ನು ಗಮನಿಸಿದರು. ಹಳದಿ ಮುಸುಕಿನ ಜೋಳದಲ್ಲಿ ಈ ಗುಣವಿದೆ, ಬಿಳಿಯದರಲ್ಲಿಲ್ಲ. ಗಜ್ಜರಿಯಲ್ಲಿದೆ, ಹಸಿರು ಸೊಪ್ಪಿನಲ್ಲಿದೆ. ಕ್ಯಾರೊಟೀನ್ ಎಂಬ ಆ ಹಳದಿ ಬಣ್ಣವೇ ಪ್ರಾಣಿಯ ದೇಹದಲ್ಲಿ ಎ ಅನ್ನಾಂಗವಾಗುತ್ತದೆ ಎಂಬುದನ್ನು 1930ರಲ್ಲಿ ಕೇಂಬ್ರಿಜ್‌ನ ಥಾಮಸ್ ಮೂರ್ ತೋರಿಸಿದರು. ಹೀಗೆ ಒಗಟು ಬಿಡಿಸಿತು. ಹಳದಿ ಜೋಳದ ಕಾಳಿನಲ್ಲೂ ಗರಿಯಲ್ಲೂ ಕ್ಯಾರೊಟೀನ್ ಉಳಿದಿತ್ತು. ಬಿಸಿಲಿನಲ್ಲಿ ಬೆಳ್ಳಗಾದ ಗೋಧಿ ಹುಲ್ಲಿನಲ್ಲಿ ಇರಲಿಲ್ಲ. ಜೊತೆಗೆ ಗೋಧಿ ಹುಲ್ಲಿನಲ್ಲೂ ಓಟ್ಸ್ ಹುಲ್ಲಿನಲ್ಲೂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಡಿಮೆ ಎಂಬುದೂ ಹಾರ್ಟ್ ತಂಡದ ಮುಂದಿನ ಕೆಲಸದಿಂದ ತಿಳಿಯಿತು. ಇವೆರಡೂ ಹಳೆಯ ಕೋಷ್ಟಕದಲ್ಲಿ ಕಾಣದವು: ಒಂದಕ್ಕೆ ಕಾಲಂ ಇರಲೇ ಇಲ್ಲ, ಇನ್ನೊಂದು ‘ಬೂದಿ’ ಎಂಬ ಒಂದೇ ಮಾತಿನಲ್ಲಿ ಅಡಗಿಹೋಗಿತ್ತು.

ನಮ್ಮ ಗೃಹಿಣಿಯರಿಗೆ ಈ ರಸಾಯನಶಾಸ್ತ್ರ ಬೇರೆ ರೂಪದಲ್ಲಿ ಗೊತ್ತೇ ಇದೆ. ಹಸುವಿನ ತುಪ್ಪ ಹಳದಿ, ಎಮ್ಮೆಯ ತುಪ್ಪ ಬಿಳಿ. ಎಮ್ಮೆ ಕ್ಯಾರೊಟೀನನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಎ ಅನ್ನಾಂಗವಾಗಿ ಬದಲಾಯಿಸಿಬಿಡುತ್ತದೆ. ಹಸು ಅಷ್ಟಿಷ್ಟನ್ನು ಹಾಗೆಯೇ ಹಾಲಿಗೆ ಬಿಡುತ್ತದೆ. ಮಳೆಗಾಲದ ಹಸಿ ಹುಲ್ಲಿನ ಬೆಣ್ಣೆಗೆ ಬಣ್ಣ ಹೆಚ್ಚು, ಬೇಸಿಗೆಯ ಒಣಹುಲ್ಲಿನದಕ್ಕೆ ಕಡಿಮೆ. ಇಲ್ಲಿ ಅಂಗಡಿಯಿಂದ ತರುವ ಕೊಬ್ಬು ತೆಗೆದ ಹಾಲಿನ ಮೇಲೆ ಎ ಮತ್ತು ಡಿ ಅನ್ನಾಂಗ ಸೇರಿಸಿದೆ ಎಂದು ಅಚ್ಚು ಹಾಕಿರುವುದಕ್ಕೂ ಇದೇ ಹಿನ್ನೆಲೆ. ಕೊಬ್ಬಿನೊಡನೆ ಎ ಹೊರಟುಹೋಗುತ್ತದೆ, ಅದನ್ನು ಮತ್ತೆ ಸೇರಿಸಬೇಕು. ಆಹಾರದ ಮೇಲೆ ನೇರಳಾತೀತ ಕಿರಣ ಹಾಯಿಸಿ ಡಿ ಅನ್ನಾಂಗ ಉಂಟುಮಾಡಬಹುದೆಂದು 1924ರಲ್ಲಿ ತೋರಿಸಿದವರೂ ಇದೇ ಸ್ಟೀನ್‌ಬಾಕ್.

ನಮ್ಮ ಊರಿನ ಗೋದಲಿ

ನಮ್ಮ ನಾಡಿನ ಹಸುವೂ ಧಾನ್ಯದ ಗಿಡವನ್ನೇ ನಂಬಿದೆ. ಹಳೆಯ ಮೈಸೂರಿನಲ್ಲಿ ರಾಗಿ ಹುಲ್ಲು, ಉತ್ತರದಲ್ಲಿ ಜೋಳದ ಕಣಿಕೆ, ಮಲೆನಾಡು ಕರಾವಳಿಗಳಲ್ಲಿ ಭತ್ತದ ಹುಲ್ಲು. ಮೇಲೆ ಬೂಸ, ತೌಡು, ಕಡಲೆಕಾಯಿ ಹಿಂಡಿ, ಹತ್ತಿಕಾಳು, ಬೇಯಿಸಿದ ಹುರುಳಿ. ಶಕ್ತಿಗೊಂದು, ಸಸಾರಜನಕಕ್ಕೊಂದು ಎಂಬ ವಿಂಗಡಣೆ ನಮ್ಮ ಹಿರಿಯರಿಗೆ ಹೆಸರಿಲ್ಲದೆಯೇ ಗೊತ್ತಿತ್ತು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳು ಬಿತ್ತುತ್ತಿದ್ದರಿಂದ ಮನೆಗೆ ಬೇಳೆಯೂ ದನಕ್ಕೆ ಬೇರೆ ಬೇರೆ ಮೇವೂ ಸಿಗುತ್ತಿದ್ದವು.

ಹಾಗೆಂದು ನಮ್ಮವರಿಗೆ ಎಲ್ಲವೂ ತಿಳಿದಿತ್ತು ಎನ್ನುವುದು ಸರಿಯಲ್ಲ. ಭತ್ತದ ಹುಲ್ಲೊಂದರ ಮೇಲೆ ಬದುಕುವ ಹಸುವಿನ ಕಷ್ಟ ತಲತಲಾಂತರದಿಂದ ಇದ್ದದ್ದೇ. ಆ ಹುಲ್ಲಿನಲ್ಲಿ ಸುಣ್ಣ ಕಡಿಮೆ; ಇರುವುದನ್ನೂ ಅದರಲ್ಲಿರುವ ಆಕ್ಸಲೇಟ್ ಕಟ್ಟಿಹಾಕುತ್ತದೆ. ರಾಗಿ ಹುಲ್ಲು ಇದಕ್ಕಿಂತ ಮೇಲು. ಮೇವಿನ ಇಂಥ ಪ್ರಶ್ನೆಗಳನ್ನು 1920ರ ದಶಕದಲ್ಲಿ ಬೆಂಗಳೂರಿನಲ್ಲಿಯೇ ಎಫ್. ಜೆ. ವಾರ್ತ್ ಎಂಬ ರಸಾಯನಶಾಸ್ತ್ರಜ್ಞರು ಪರೀಕ್ಷಿಸುತ್ತಿದ್ದರು. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿಗೆ ಬಂದಿದ್ದ ಗಾಂಧೀಜಿಯವರು ಅಲ್ಲಿನ ಸರ್ಕಾರಿ ಹೈನು ಸಂಸ್ಥೆಗೆ ಹೋಗಿ ಹಸು ಸಾಕಣೆಯ ಪಾಠ ಹೇಳಿಸಿಕೊಂಡದ್ದು ಪ್ರಸಿದ್ಧವಾದ ಸಂಗತಿ.

ಮ್ಯಾಡಿಸನ್ನಿನಿಂದ ನಮ್ಮ ಹಳ್ಳಿಗಳಿಗೆ ಇನ್ನೊಂದು ದಾರಿಯೂ ಉಂಟು. 1939ರಲ್ಲಿ ಅದೇ ಹಾರ್ಟ್ ಮತ್ತು ಸಂಗಡಿಗರು, ಕರುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾದ ಸಾರಜನಕದಿಂದಲೇ ಸಸಾರಜನಕ ಕಟ್ಟಬಲ್ಲವು ಎಂದು ತೋರಿಸಿದರು. ಮುಂದೆ 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಮೂರು ವಾರ ಮುಚ್ಚಿಟ್ಟು ತಿನ್ನಿಸುವ ವಿಧಾನ ನಮ್ಮ ದೇಶದಲ್ಲೂ ಬಳಕೆಗೆ ಬಂತು. ಅದರಿಂದ ಹುಲ್ಲು ಮೆತ್ತಗಾಗುತ್ತದೆ, ಸಾರಜನಕ ಹೆಚ್ಚುತ್ತದೆ. ಅಳತೆ ತಪ್ಪಿದರೆ ಮಾತ್ರ ಅದು ವಿಷ. ಆದರೆ ಯೂರಿಯಾ ಹಸಿರನ್ನು ಕೊಡುವುದಿಲ್ಲ. ಲೆಕ್ಕದಲ್ಲಿ ಸಸಾರಜನಕ ತುಂಬಿತೆಂದು ಒಂದು ಹಿಡಿ ಹಸಿ ಮೇವನ್ನು ಮರೆತರೆ ಮತ್ತೆ ಗೋಧಿಯ ಗುಂಪಿನ ಕಥೆಯೇ.

ಬ್ಯಾಬ್‌ಕಾಕ್ 1931ರಲ್ಲಿ ತೀರಿಕೊಂಡರು. ಆ ಕೊಟ್ಟಿಗೆ ಇಂದಿಗೂ ವಿಶ್ವವಿದ್ಯಾನಿಲಯದ ಆವರಣದಲ್ಲಿದೆ. 2005ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿದರು. ಸಮೀಪದಲ್ಲೇ ಬ್ಯಾಬ್‌ಕಾಕರ ಹೆಸರಿನ ಕಟ್ಟಡದಲ್ಲಿ ಐಸ್‌ಕ್ರೀಮ್ ಮಾರುತ್ತಾರೆ. ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಸದಸ್ಯರು ಐಸ್‌ಕ್ರೀಮಿಗೆ ಮೊದಲು ಹತ್ತು ನಿಮಿಷ ಕೊಟ್ಟಿಗೆಯ ಮುಂದೆ ನಿಂತು ಈ ಕಥೆಯನ್ನು ಹೇಳಬೇಕೆಂದು ನಮ್ಮ ಕೋರಿಕೆ. ನಾವು ಅಳೆಯಬಲ್ಲದ್ದನ್ನು ಅಳೆಯೋಣ, ತಪ್ಪೇನೂ ಇಲ್ಲ. ಆದರೆ ನಮ್ಮ ಕೋಷ್ಟಕಕ್ಕೆ ಸಿಕ್ಕದ್ದು ಇನ್ನೂ ಏನಿದೆ ಎಂದು ಕೊಟ್ಟಿಗೆಗೆ ಹೋಗಿ ಹಸುವನ್ನೇ ಕೇಳುವ ವಿನಯ ಅಳೆಯುವವನಿಗೆ ಇರಬೇಕು. ಆ ವಿನಯವನ್ನು ನಮ್ಮ ಶಾಸ್ತ್ರಕ್ಕೆ ಕಲಿಸಿದ ಹದಿನಾರು ಕಡಸುಗಳಿಗೂ ಹುಟ್ಟಿ ಬದುಕದೆ ಹೋದ ಅವುಗಳ ಕರುಗಳಿಗೂ ಹಾಲು ಕುಡಿಯುವ ನಾವೆಲ್ಲರೂ ಋಣಿಗಳು.